ನಕ್ಷತ್ರಕ್ಕೆ ರೆಕ್ಕೆ ಬಂದರೆ ಲೆನ್ಸ್ ವಾಪಸ್

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರ ತಾರಸಿ. ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವಿನ ಇಷ್ಟಗಲ ಜಾಗದಲ್ಲಿ, ಅಡುಗೆಮನೆಯಿಂದ ತಂದ ಸ್ಟೂಲಿನ ಮೇಲೆ ಕೂತು ಹೆಂಗಸೊಬ್ಬರು ಉಸಿರು ಬಿಗಿಹಿಡಿದಿದ್ದಾರೆ. ಅವರ ಮುಂದೆ ಮೊಣಕಾಲೆತ್ತರದ ಸ್ಟ್ಯಾಂಡು, ಅದರ ಮೇಲೆ ಅಂಚು ಸವೆದ ಕ್ಯಾಮೆರಾ, ಅದರ ಮೂತಿಗೆ ಅವರಿಗಿಂತ ಹತ್ತೇ ವರ್ಷ ಚಿಕ್ಕದಾದ ಒಂದು ಲೆನ್ಸು. ಟಕ್. ಐದು ಸೆಕೆಂಡು. ಟಕ್. ಅವರು ಉಸಿರು ಬಿಡುತ್ತಾರೆ.

"ನೀವು ಕಾಲು ಅಲ್ಲಾಡಿಸ್ಬೇಡಿ. ತಾರಸಿ ನಡುಗುತ್ತೆ," ಎನ್ನುತ್ತಾರೆ ನನಗೆ, ತಿರುಗಿಯೂ ನೋಡದೆ. ಚಳಿಗೆ ಕಾಲು ಅಲ್ಲಾಡಿಸುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಚಿತ್ರ ಮೂಡುತ್ತದೆ. ಅವರು ಅದನ್ನು ಹತ್ತು ಪಟ್ಟು ಹಿಗ್ಗಿಸಿ ಮೊದಲು ನಡುವನ್ನು, ಆಮೇಲೆ ನಾಲ್ಕು ಮೂಲೆಗಳನ್ನು ಒಂದೊಂದಾಗಿ ನೋಡುತ್ತಾರೆ. ಅಕ್ಕಿಯಲ್ಲಿ ಕಲ್ಲು ಹುಡುಕುವವರ ಶ್ರದ್ಧೆ ಅದು. ಕೆಳಗಿನ ಎಡಮೂಲೆಗೆ ಬಂದಾಗ ನಾಲಿಗೆ ಲೊಚಗುಟ್ಟುತ್ತದೆ. "ನೋಡಿ. ಮಧ್ಯದಲ್ಲಿರೋವು ಚುಕ್ಕಿ ಥರಾನೇ ಇವೆ. ಈ ಮೂಲೇದಕ್ಕೆ ರೆಕ್ಕೆ ಬಂದಿದೆ." ನಿಜವೇ. ಅಲ್ಲಿನ ನಕ್ಷತ್ರ ದೂರದಲ್ಲಿ ಹಾರುತ್ತಿರುವ ಹಕ್ಕಿಯಂತೆ ಕಾಣುತ್ತದೆ. "ನಾಲ್ಕೂ ಮೂಲೇಲಿ ಒಂದೇ ಥರ ಬಂದಿದ್ರೆ ಅದು ಲೆನ್ಸಿನ ಹುಟ್ಟುಗುಣ, ಹೋಗ್ಲಿ ಅಂತಿದ್ದೆ. ಒಂದೇ ಮೂಲೇಲಿ ಬಂದಿದೆ ಅಂದ್ರೆ ಒಳಗಿನ ಗಾಜು ವಾಲಿದೆ. ಯಾರೋ ಬೀಳಿಸಿ ಬಾಯಿ ಮುಚ್ಕೊಂಡು ಮಾರಿದ್ದಾರೆ. ಗೋಡೆ ಫೋಟೊ ತೆಗೆದು ಪರೀಕ್ಷೆ ಮಾಡಿ ನೋಡಿ, ಇದು ಪಾಸು. ಗೋಡೆ ಸುಳ್ಳು ಹೇಳುತ್ತೆ. ನಕ್ಷತ್ರ ಹೇಳಲ್ಲ."

ಲೆನ್ಸಿನ ಕುತ್ತಿಗೆಗೆ ಕಾಗದದ ಟೇಪು ಸುತ್ತಿ, ಅದರ ಮೇಲೆ ಪೆನ್ಸಿಲಿನಿಂದ 'ವಾಪಸ್' ಎಂದು ಬರೆದು ಬುಟ್ಟಿಗೆ ಹಾಕುತ್ತಾರೆ. ಬುಟ್ಟಿಯಲ್ಲಿ ಕಾಲುಚೀಲ ತೊಟ್ಟ ಇನ್ನೂ ಮೂರು ಲೆನ್ಸುಗಳು ಸರದಿ ಕಾಯುತ್ತಿವೆ. ಕಾಲುಚೀಲ ಎಂದರೆ ನಿಜವಾದ ಕಾಲುಚೀಲವೇ. "ಜೋಡಿ ಕಳ್ಕೊಂಡ ಒಂಟಿ ಕಾಲುಚೀಲ ಎಲ್ಲಾರ ಮನೇಲೂ ಇರುತ್ತಲ್ಲ. ಅಕ್ಕಪಕ್ಕದವರು ತಂದು ಕೊಡ್ತಾರೆ."

ಕಟ್ಟಡದವರಿಗೂ ಗಿರಾಕಿಗಳಿಗೂ ಅವರು 'ಸ್ಕ್ರೂ ಅಕ್ಕ'. ವಯಸ್ಸು ಐವತ್ತೇಳು. ಮೆಟ್ಟಿಲ ಕೆಳಗಿನ ತ್ರಿಕೋನಾಕಾರದ ಸಂದಿಯೇ ಅವರ ಅಂಗಡಿ. ಒಳಗೆ ಒಬ್ಬರು ಕೂರಬಹುದು, ಇನ್ನೊಬ್ಬರು ತಲೆ ಬಗ್ಗಿಸಿಕೊಂಡು ನಿಲ್ಲಬಹುದು, ಮೂರನೆಯವರು ಬಂದರೆ ಮೊದಲನೆಯವರು ಹೊರಗೆ ಬರಬೇಕು. ಗೋಡೆಗೆ ಹೊಡೆದ ಹಲಗೆಯ ಮೇಲೆ ಔಷಧಿ ಬಾಟಲಿಗಳ ಎಪ್ಪತ್ತೆರಡು ಮುಚ್ಚಳ. ಒಂದೊಂದರಲ್ಲೂ ಒಂದೊಂದು ಅಳತೆಯ ಸ್ಕ್ರೂ, ಕೆಲವು ಸಾಸಿವೆಗಿಂತ ಸಣ್ಣವು. ಫ್ಯಾನ್ ಇಲ್ಲ. ಫ್ಯಾನ್ ಹಾಕಿದರೆ ಎಪ್ಪತ್ತೆರಡೂ ಒಂದಾಗುತ್ತವೆ ಎನ್ನುವುದು ಕಾರಣ.

ಕಡಿಮೆ ಸಂಬಳದವರು ಆಕಾಶದ ಫೋಟೊ ತೆಗೆಯಬೇಕೆಂದರೆ ಏನು ಕೊಳ್ಳಬೇಕು, ಅದಕ್ಕಿಂತ ಹೆಚ್ಚಾಗಿ ಏನು ಕೊಳ್ಳಬಾರದು ಎಂದು ಹೇಳುವುದು ಈಗ ಅವರ ಅರ್ಧ ಕೆಲಸ. ಇನ್ನರ್ಧ, ಕೊಂಡದ್ದನ್ನು ಸರಿಮಾಡಿ ಕೊಡುವುದು. ಮೊದಲನೆಯದಕ್ಕೆ ಅವರು ಏನೂ ತೆಗೆದುಕೊಳ್ಳುವುದಿಲ್ಲ. ಕಳೆದ ಆರು ವರ್ಷಗಳಲ್ಲಿ ನೂರ ಅರವತ್ತಮೂರು ಮಂದಿ ಇಲ್ಲಿಂದ ಕ್ಯಾಮೆರಾ ಚೀಲ ಹೆಗಲಿಗೇರಿಸಿಕೊಂಡು ಹೋಗಿದ್ದಾರೆ. ಬಸ್ ಕಂಡಕ್ಟರು, ಹೊಲಿಗೆಯವರು, ಶಾಲೆಯ ಅಡುಗೆಯಾಕೆ, ಇಬ್ಬರು ಅಂಚೆಯವರು. ಇದಕ್ಕಿಂತ ಹೆಚ್ಚು ಮಂದಿ ಏನನ್ನೂ ಕೊಳ್ಳದೆ, ಬೈಸಿಕೊಂಡು ಮನೆಗೆ ಹೋಗಿದ್ದಾರೆ. ನಾನು ಎರಡನೆಯ ಗುಂಪಿನವನು.

ಇದನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಎರಡು ತಿಂಗಳ ಹಿಂದೆ ಹನ್ನೊಂದು ವಸ್ತುಗಳ ಪಟ್ಟಿ ಹಿಡಿದು ಇವರ ಸಂದಿಯಲ್ಲಿ ತಲೆ ಬಗ್ಗಿಸಿ ನಿಂತಿದ್ದೆ. ಇಂಟರ್ನೆಟ್ಟಿನಲ್ಲಿ ಇಡೀ ವಾರ ಕೂತು ತಯಾರಿಸಿದ ಪಟ್ಟಿ. ಅಕ್ಕ ಅದನ್ನು ಓದಿದರು, ಕಿವಿಯ ಮೇಲಿನ ಪೆನ್ಸಿಲ್ ತೆಗೆದರು, ಒಂಬತ್ತನ್ನು ಹೊಡೆದುಹಾಕಿದರು. ಉಳಿದದ್ದು ಒಂದು ಗಟ್ಟಿ ಸ್ಟ್ಯಾಂಡು ಮತ್ತು ಕತ್ತಲಿಗೆ ಹೊಂದಿದ ಕಣ್ಣು ಕುಕ್ಕದಂತೆ ಟಾರ್ಚಿಗೆ ಅಂಟಿಸುವ ಕೆಂಪು ಕಾಗದ. "ಕ್ಯಾಮೆರಾನೇ ಹೊಡೆದಿದ್ದೀರಲ್ಲ!" ಎಂದೆ.

"ನಿಮ್ಮ ಮನೇಲಿ ಹಳೇ ಕ್ಯಾಮೆರಾ ಇದೆಯಾ?"

"ಇದೆ. ಹನ್ನೆರಡು ವರ್ಷದ್ದು."

"ಗುಂಡಿ ಒತ್ತಿದ್ರೆ ಬಾಗಿಲು ತೆಗೆಯುತ್ತಾ? ಹತ್ತು ಸೆಕೆಂಡು ತೆಗೆದಿಟ್ಕೊಳ್ಳುತ್ತಾ?"

"ತೆಗೆಯುತ್ತೆ."

"ಮತ್ತೆ? ಆ ನಕ್ಷತ್ರಕ್ಕೆ ನಿಮ್ಮ ಕ್ಯಾಮೆರಾ ಯಾವ ವರ್ಷದ್ದು ಅಂತ ಗೊತ್ತಾ?"

ಮೊದಲು ಕಾಲು, ಆಮೇಲೆ ಕಣ್ಣು, ಕೊನೆಗೆ ಮೆದುಳು. ಇದು ಅವರ ಸೂತ್ರ. ಕಾಲೆಂದರೆ ಸ್ಟ್ಯಾಂಡು, ಕಣ್ಣೆಂದರೆ ಲೆನ್ಸು, ಮೆದುಳೆಂದರೆ ಕ್ಯಾಮೆರಾ. ಜನ ಇದನ್ನು ತಲೆಕೆಳಗು ಮಾಡುತ್ತಾರೆ, ಇದ್ದಬದ್ದದ್ದನ್ನೆಲ್ಲ ಕ್ಯಾಮೆರಾಕ್ಕೆ ಸುರಿದು ಅದನ್ನು ಕಡ್ಡಿಕಾಲಿನ ಮೇಲೆ ನಿಲ್ಲಿಸುತ್ತಾರೆ ಎನ್ನುವುದು ಅವರ ದೂರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಹಾಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಈ ಕೆಲಸದಲ್ಲಿ ಮೊದಲು ಕಾಲಿಗೇ ಖರ್ಚು ಮಾಡ್ಬೇಕು. ಸ್ಟ್ಯಾಂಡು ಭಾರ ಇಲ್ಲದಿದ್ರೆ ಮಧ್ಯದ ಕೊಕ್ಕೆಗೆ ನೀರಿನ ಬಾಟಲಿ ನೇತುಹಾಕಿ. ಬೇಕಾದ್ರೆ ಮನೇಲಿರೋ ಇಸ್ತ್ರಿಪೆಟ್ಟಿಗೆ ನೇತುಹಾಕಿ, ನನಗೇನು."

ಅವರು ಗಿರಾಕಿಯನ್ನು ಕೇಳುವ ಪ್ರಶ್ನೆಗಳೂ ವಿಚಿತ್ರ. ಎಷ್ಟನೇ ಮಹಡಿ? ಲಿಫ್ಟ್ ಇದೆಯಾ? ಬೀದಿದೀಪ ಯಾವ ದಿಕ್ಕಿಗಿದೆ? ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ? ಮನೆಯಲ್ಲಿ ಯಾರಾದರೂ ಬೈಯುತ್ತಾರಾ? ಕೊನೆಯದು ತಮಾಷೆಯಲ್ಲವಂತೆ. ಬೈಯುವವರಿದ್ದರೆ ಎರಡೇ ನಿಮಿಷದಲ್ಲಿ ಹೂಡಿ ಕಳಚುವಂಥದ್ದನ್ನು ಕೊಡಬೇಕು.

ಈ ಕಸುಬಿಗೆ ಅವರು ಬಂದದ್ದು ಹತ್ತೊಂಬತ್ತನೆಯ ವಯಸ್ಸಿಗೆ, ಸೋದರಮಾವನ ಗಡಿಯಾರದ ಅಂಗಡಿಯ ಮೂಲಕ. ಮಾವ ಗಡಿಯಾರದ ಜೊತೆಗೆ ಕ್ಯಾಮೆರಾವನ್ನೂ ಬಿಚ್ಚುತ್ತಿದ್ದರು. ಸೊಸೆಯ ಬೆರಳು ತಮ್ಮ ಬೆರಳಿಗಿಂತ ಸಣ್ಣ, ತಾಳ್ಮೆ ತಮ್ಮದಕ್ಕಿಂತ ಉದ್ದ ಎಂದು ಅವರು ಬೇಗನೆ ಕಂಡುಕೊಂಡರು. ಆದರೆ ಹುಡುಗಿಯ ಕೈಗೆ ಕ್ಯಾಮೆರಾ ಕೊಡಲು ಜನ ಮೂಗು ಮುರಿದರು. ಮದುವೆಮನೆಯ ಫೋಟೊಗ್ರಾಫರೊಬ್ಬರಂತೂ ಎದ್ದೇ ಹೋದರು. ಮಾವ ವಾದ ಮಾಡಲಿಲ್ಲ. ಅಂಗಡಿಯ ಹಿಂಭಾಗಕ್ಕೊಂದು ಪರದೆ ಕಟ್ಟಿದರು.

"ಹನ್ನೊಂದು ವರ್ಷ ಆ ಪರದೆ ಹಿಂದೆ ಕೂತೆ. ಮುಂದೆ ಮಾವ ಕ್ಯಾಮೆರಾ ಇಸ್ಕೊಳ್ಳೋರು, ಹಿಂದೆ ನಾನು ಬಿಚ್ಚೋಳು. ಗಿರಾಕಿಗಳು ಮಾವಂಗೆ ಹೇಳೋರು, 'ನಿಮ್ಮ ಕೈಗುಣ ಯಾರಿಗೂ ಬರಲ್ಲ' ಅಂತ. ಮಾವ ಸುಮ್ನೆ ಕೆಮ್ಮೋರು. ಆ ಕೆಮ್ಮು ನನಗೆ ಶಭಾಷ್ ಅಂದ ಹಾಗೆ." ಮಾವ ತೀರಿಕೊಂಡ ಮೇಲೆ ಹಳೆಯ ಗಿರಾಕಿಗಳು ಬಂದು, ಇನ್ನು ಯಾರಪ್ಪ ರಿಪೇರಿ ಮಾಡೋರು ಎಂದು ಪೇಚಾಡಿದರಂತೆ. "ಪರದೆ ಸರಿಸ್ದೆ. 'ಇಷ್ಟು ದಿನ ಮಾಡಿದೋರೇ ಮಾಡ್ತಾರೆ' ಅಂದೆ. ಇಬ್ಬರು ಎದ್ದು ಹೋದ್ರು. ಉಳಿದೋರು ಉಳಿದ್ರು."

ಉಳಿದವರೂ ಬಹುಕಾಲ ಉಳಿಯಲಿಲ್ಲ. ಫೋನುಗಳೊಳಗೇ ಕ್ಯಾಮೆರಾ ಬಂದ ಮೇಲೆ ವಾರಕ್ಕೆ ಹದಿನಾಲ್ಕು ಬರುತ್ತಿದ್ದ ರಿಪೇರಿ ಮೂರಕ್ಕೆ ಇಳಿಯಿತು. ಮುಖ್ಯರಸ್ತೆಯ ಅಂಗಡಿ ಬಿಟ್ಟು ಮೆಟ್ಟಿಲ ಕೆಳಕ್ಕೆ ಬಂದರು. ಬಡಗಿ ಕೆಲಸದ ಯಜಮಾನರ ದುಡಿಮೆಯಲ್ಲಿ ಮನೆ ನಡೆಯಿತು. ಆಗ ಬದುಕಿಗೆ ಆಸರೆಯಾಗಲೆಂದು ಯಾರ್ಯಾರೋ ತಂದಿಟ್ಟ ಹಳೆಯ ಸಾಮಾನನ್ನೂ ಮಾರಿಕೊಡತೊಡಗಿದರು. ಹಾಗೆ ಬಂದದ್ದೊಂದು ದೂರದರ್ಶಕ. ಉದ್ದ ಕೊಳವೆ, ಜಿರಳೆ ಮೀಸೆಯಂಥ ಮೂರು ಕಾಲು, ಡಬ್ಬಿಯ ಮೇಲೆ ಗುಲಾಬಿ, ನೇರಳೆ, ನೀಲಿ ಬಣ್ಣಗಳ ಝಗಮಗಿಸುವ ಆಕಾಶ.

ಅದನ್ನು ಕೊಂಡವರು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕೆಲಸಗಾರ. ಆಗ ಅವರಿಗೆ ನಲವತ್ತೋ ನಲವತ್ತೊಂದೋ. ಬೆಳಿಗ್ಗೆ ಆರರ ಪಾಳಿಗೆ ನಡೆದುಹೋಗುವಾಗ ಆಸ್ಪತ್ರೆಯ ಬಾಯ್ಲರಿನ ಚಿಮಣಿಯ ಮೇಲೆ ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ವರ್ಷಗಳಿಂದ ನೋಡುತ್ತಿದ್ದವರು. ಆ ಮೂರರ ಕೆಳಗೆ ಒಂದು ಮಸುಕು. ಕಣ್ಣುಜ್ಜಿ ನೋಡಿದರೂ ಹೋಗದ ಕಲೆ. ಹಾಸಿಗೆ ಹೊದಿಕೆಗಳ ಕಲೆ ತೆಗೆಯುವುದೇ ಕಸುಬಾದವರಿಗೆ ಅದೇನೆಂದು ತಿಳಿಯುವ ಚಟ ಹತ್ತಿತು. ಅದು ಹೊಸ ನಕ್ಷತ್ರಗಳು ಹುಟ್ಟುವ ಮೋಡ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದರು. ಅದರ ಫೋಟೊ ತಾವೇ ತೆಗೆಯಬೇಕೆನಿಸಿತು. ಎರಡು ವರ್ಷ ಕೂಡಿಟ್ಟದ್ದನ್ನು ತಂದು ಡಬ್ಬಿ ಎತ್ತಿಕೊಂಡು ಹೋದರು.

ಹನ್ನೆರಡನೆಯ ದಿನ ಮರಳಿ ಬಂದರು. ದೂರದರ್ಶಕದ ಕಣ್ಣಿಗೆ ಫೋನು ಹಿಡಿದು ತೆಗೆದ ನಲವತ್ತು ಚಿತ್ರ ತೋರಿಸಿದರು. ಎಲ್ಲದರಲ್ಲೂ ಬಿಳಿ ಹುಳು ಹರಿದಾಡಿದಂಥ ಗೀರುಗಳು. ಕಾಲು ಮುಟ್ಟಿದರೆ ನಡುಗುವ ಸ್ಟ್ಯಾಂಡಿನಿಂದ ಬೇರೇನು ಸಾಧ್ಯ?

"'ತಪ್ಪು ನಂದಾ, ಇದರದಾ?' ಅಂತ ಕೇಳಿದ್ರು," ಎಂದು ಅಕ್ಕ ನೆನಪಿಸಿಕೊಳ್ಳುತ್ತಾರೆ. ಮಾತು ನಿಧಾನವಾಗುತ್ತದೆ. "ನನಗೆ ಗೊತ್ತಿರ್ಲಿಲ್ಲ. ಕ್ಯಾಮೆರಾ ಹೊಟ್ಟೆಯೆಲ್ಲ ಗೊತ್ತು, ಆಕಾಶದ ಕಡೆ ಅದನ್ನ ತಿರುಗಿಸಿದೋಳೇ ಅಲ್ಲ. ಗೊತ್ತಿಲ್ಲ ಅನ್ಬೇಕಿತ್ತು. 'ಅಭ್ಯಾಸ ಆದ್ರೆ ಸರಿಹೋಗುತ್ತೆ' ಅಂದ್ಬಿಟ್ಟೆ. ಅವರು ಫೋನು ಜೇಬಿಗೆ ಹಾಕ್ಕೊಂಡ್ರು. ಆಮೇಲೆ, 'ಇರ್ಲಿ ಬಿಡಿ ಅಕ್ಕ, ಆಕಾಶ ನಮ್ಮಂಥವರಿಗಲ್ಲ' ಅಂತ ಹೇಳಿ ಡಬ್ಬಿ ಎತ್ಕೊಂಡು ಹೋದ್ರು. ದುಡ್ಡು ವಾಪಸ್ ಕೇಳ್ಲಿಲ್ಲ. ಜಗಳ ಆಡಿದ್ರೆ ಮರ್ತುಬಿಡ್ತಿದ್ದೆ ನೋಡಿ."

ಮರೆಯಲಾಗಲಿಲ್ಲ. ಅದೇ ವಾರ, ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಕ್ಯಾಮೆರಾಕ್ಕೆ ಹಳೆಯ ಐವತ್ತು ಮಿಲಿಮೀಟರಿನ ಲೆನ್ಸು ತಿರುಪಿ, ಜೀವನದಲ್ಲಿ ಮೊದಲ ಬಾರಿ ನಕ್ಷತ್ರ ಹಿಡಿಯಲು ತಾರಸಿ ಹತ್ತಿದರು. ಮೂವತ್ತು ಸೆಕೆಂಡು ತೆರೆದಿಟ್ಟರು. ಚುಕ್ಕಿಗಳ ಬದಲು ಗೆರೆಗಳು ಬಂದವು. ಲೆನ್ಸು ಕೆಟ್ಟಿದೆ ಎಂದು ಕೆಳಗೆ ತಂದು ಪೂರ್ತಿ ಬಿಚ್ಚಿ ಜೋಡಿಸಿದರು. ಮರುದಿನವೂ ಗೆರೆ. ಮತ್ತೆ ಬಿಚ್ಚಿದರು. ಮತ್ತೆ ಗೆರೆ, ಮೂರನೆಯ ಸಲವೂ ಬಿಚ್ಚಿದರು. ನಾಲ್ಕನೆಯ ದಿನ ಯಜಮಾನರು ಟೀ ಲೋಟ ಹಿಡಿದು ಮೇಲೆ ಬಂದು ಚಿತ್ರ ನೋಡಿದರು.

ಯಜಮಾನರು ಈಗಲೂ ಆ ಮಾತನ್ನು ನಗುತ್ತಾ ಹೇಳುತ್ತಾರೆ. "ಪಾಪ, ಆ ಲೆನ್ಸನ್ನ ಮೂರು ಸಲ ಕುಯ್ದಿದ್ಲು. ನಾನಂದೆ, 'ಅದು ನೆಟ್ಟಗೇ ಇದೆ ಕಣೇ. ಸುತ್ತಿದ್ದು ಭೂಮಿ. ಅದನ್ನ ಬಿಚ್ಚೋಕೆ ನಿನ್ನತ್ರ ಸ್ಕ್ರೂಡ್ರೈವರ್ ಇಲ್ಲ.'"

ಅಲ್ಲಿಂದ ಶುರುವಾಯಿತು ಕಲಿಕೆ. ಗುಜರಿಯ ಹಳೆಯ ವಿಜ್ಞಾನ ಪತ್ರಿಕೆಗಳು, ಫೋನಿನಲ್ಲಿ ಯಾವ್ಯಾವುದೋ ಭಾಷೆಯ ವಿಡಿಯೊಗಳು. ಐನೂರನ್ನು ಲೆನ್ಸಿನ ಅಳತೆಯಿಂದ ಭಾಗಿಸಿದರೆ ನಕ್ಷತ್ರ ಗೆರೆಯಾಗದೆ ಚುಕ್ಕಿಯಾಗಿ ಉಳಿಯುವ ಸೆಕೆಂಡು ಸಿಗುತ್ತದೆ ಎಂಬ ಲೆಕ್ಕ ಕಲಿತರು. ಐವತ್ತರ ಲೆನ್ಸಿಗೆ ಹತ್ತು ಸೆಕೆಂಡು. ಬೆಳಕು ಹಿಡಿಯುವ ಸೆನ್ಸರು ಸಣ್ಣದಿರುವ ಕ್ಯಾಮೆರಾ ಆದರೆ ಆರೋ ಏಳೋ. ಅಷ್ಟು ಕಡಿಮೆ ಹೊತ್ತಿನಲ್ಲಿ ಮಸುಕು ಮೋಡ ಹೇಗೆ ಮೂಡೀತು? ಅಂಥ ನೂರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಹನಿಗೂಡಿದರೆ ಹಳ್ಳ. ಪೇರಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದನ್ನು ಕೊಳ್ಳಲು ಬಂದವರನ್ನು ಅಕ್ಕ ಇಂದಿಗೂ ಗದರಿಸಿ ಕಳಿಸುತ್ತಾರೆ.

ಇನ್ನೂ ಹೆಚ್ಚು ಹೊತ್ತು ತೆರೆದಿಡಬೇಕೆಂದರೆ ಭೂಮಿ ತಿರುಗಿದಷ್ಟೇ ನಿಧಾನಕ್ಕೆ ಕ್ಯಾಮೆರಾವನ್ನೂ ತಿರುಗಿಸುವ ಯಂತ್ರ ಬೇಕು. ಅದರ ಬೆಲೆ ಕೇಳಿ ಅಕ್ಕ ಫೋನು ಮಗುಚಿಟ್ಟರು. ಯಜಮಾನರು ಮಾತ್ರ ಅದನ್ನೆತ್ತಿಕೊಂಡು ಯಂತ್ರದ ಚಿತ್ರವನ್ನು ನೋಡುತ್ತಲೇ ಇದ್ದರು. "ಬಾಗಿಲು ತೆಗೆದ ಹಾಗೆ ತಾನೆ? ತುಂಬಾ ನಿಧಾನಕ್ಕೆ?" ಎಂದು ಕೇಳಿದರು. ಆ ವಾರ ಎರಡು ಹಲಗೆ, ಒಂದು ಕಬ್ಬಿಣದ ತಿರುಗಣೆ, ಒಂದು ಉದ್ದನೆಯ ಬೋಲ್ಟು ಸೇರಿ ಪುಟ್ಟ ಬಾಗಿಲೊಂದು ತಯಾರಾಯಿತು. ತಿರುಗಣೆಯನ್ನು ಧ್ರುವ ನಕ್ಷತ್ರದ ಕಡೆಗೆ ನೇರಮಾಡಿ, ಬೋಲ್ಟನ್ನು ಗಡಿಯಾರ ನೋಡಿಕೊಂಡು ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ಜೊತೆಗೇ ಏಳುತ್ತದೆ. ತಿರುಗಣೆಯಿಂದ ಬೋಲ್ಟಿಗೆ ಇನ್ನೂರ ಇಪ್ಪತ್ತೆಂಟೂವರೆ ಮಿಲಿಮೀಟರು ಇರಬೇಕು, ಬೋಲ್ಟಿನ ತಿರುಪು ಒಂದು ಸುತ್ತಿಗೆ ಒಂದು ಮಿಲಿಮೀಟರು ಏರುವಂತಿರಬೇಕು. "ನಾವು ಕಂಡುಹಿಡಿದಿದ್ದಲ್ಲ, ಲೋಕದ ತುಂಬಾ ಮಾಡ್ತಾರೆ," ಎಂದು ಅಕ್ಕ ಸ್ಪಷ್ಟಪಡಿಸುತ್ತಾರೆ. "ಆದ್ರೆ ಆ ಅರ್ಧ ಮಿಲಿಮೀಟರು ನಮ್ಮನೆಯವರು ಬಿಡಲ್ಲ," ಎನ್ನುವಾಗ ದನಿ ಸ್ವಲ್ಪ ಏರುತ್ತದೆ.

ಹದಿನಾಲ್ಕು ತಿಂಗಳಾದ ಮೇಲೆ ಅಂಗೈಯಗಲದ ಒಂದು ಚಿತ್ರ ಮುದ್ರಿಸಿಕೊಂಡು, ಕ್ಯಾಮೆರಾ, ಐವತ್ತರ ಲೆನ್ಸು, ಸ್ಟ್ಯಾಂಡು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಅಕ್ಕ ಆಸ್ಪತ್ರೆಯ ಹಿಂಬಾಗಿಲಿಗೆ ಹೋದರು. ಕೊಂಡವರ ವಿಳಾಸ ಇರಲಿಲ್ಲ. ಬಟ್ಟೆ ಒಗೆಯುವವರು ಎಂಬುದಷ್ಟೇ ಗೊತ್ತಿತ್ತು. ಕಾವಲಿನವರು ಎರಡು ದಿನ ಒಳಗೆ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಐದೂಮುಕ್ಕಾಲಿಗೇ ಬಾಗಿಲಲ್ಲಿ ನಿಂತು ಪಾಳಿಗೆ ಬರುವವರ ಮುಖಗಳನ್ನು ಒಂದೊಂದಾಗಿ ನೋಡಿದರು.

ಬಟ್ಟೆ ಒಗೆಯುವವರೇ ಮೊದಲು ಅಕ್ಕನ ಗುರುತು ಹಿಡಿದರು. ಚಿತ್ರ ಕೈಗೆ ತೆಗೆದುಕೊಂಡರು. ಮೂರು ನಕ್ಷತ್ರ, ಅವುಗಳ ಕೆಳಗೆ ಗುಲಾಬಿ ಬಣ್ಣದ ಸಣ್ಣ ಕಲೆ.

"ಯಾವ ಪುಸ್ತಕದ್ದು?"

"ನಮ್ಮ ತಾರಸಿದು. ಇದೇ ಕ್ಯಾಮೆರಾ."

"ಒಂದ್ಸಲ ಡಬ್ಬಿ ಮೇಲಿನ ಚಿತ್ರ ನಂಬಿ ಆಯ್ತಲ್ಲ ಅಕ್ಕ."

ಅಕ್ಕ ಹೇಗೆ ತೆಗೆಯಬೇಕೆಂದು ಎರಡು ನಿಮಿಷದಲ್ಲಿ ಹೇಳಿ, ಚೀಲವನ್ನು ಅವರ ಕಾಲ ಬಳಿ ಇಟ್ಟು, ಬೇಡವಾದರೆ ಅಂಗಡಿಗೆ ತಂದಿಡಿ ಎಂದು ಬಂದುಬಿಟ್ಟರು.

ಮೂರು ವಾರಕ್ಕೆ ಅವರೇ ಚೀಲ ತಂದರು. ಕಾರ್ಡಿನಲ್ಲಿ ಇನ್ನೂರಹನ್ನೆರಡು ಚಿತ್ರಗಳಿದ್ದವು. ಅಂದರೆ ಮನುಷ್ಯ ನಂಬದಿದ್ದರೂ ಬಿಟ್ಟಿರಲಿಲ್ಲ. ಆದರೆ ಒಂದೂ ಚುಕ್ಕಿ ಇಲ್ಲ. ಆವಿ ಹಿಡಿದ ಗಾಜಿನಾಚೆಯ ದೀಪಗಳಂತೆ ಎಲ್ಲವೂ ಊದಿಕೊಂಡಿವೆ. ಈ ಬಾರಿ ಅಕ್ಕನ ಬಾಯಿಂದ ಅಭ್ಯಾಸದ ಮಾತು ಬರಲಿಲ್ಲ. ಕನ್ನಡಕ ಏರಿಸಿ ಎಲ್ಲ ಚಿತ್ರಗಳನ್ನೂ ನೋಡಿದರು. ಆಮೇಲೆ ಕೇಳಿದರು, "ಫೋಕಸ್ ಉಂಗುರ ಎಲ್ಲೀವರೆಗೆ ತಿರುಗಿಸಿದ್ರಿ?"

"ಕೊನೇವರೆಗೆ. ನೀವೇ ಹೇಳಿದ್ರಲ್ಲ, ನಕ್ಷತ್ರ ದೂರ ಇರುತ್ತೆ, ಪೂರ್ತಿ ತಿರುಗಿಸಿ ಅಂತ."

ಹೇಳಿದ್ದರು. ಆ ಉಂಗುರ ಕೊನೆ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲೇ ನಕ್ಷತ್ರಗಳು ಚೂಪಾಗುತ್ತವೆ. ತಾರಸಿಯಲ್ಲಿ ಅವರ ಬೆರಳು ತಾನಾಗಿ ಅಲ್ಲಿ ನಿಲ್ಲುತ್ತಿತ್ತು, ಬಾಯಿ ಮಾತ್ರ 'ಕೊನೆವರೆಗೆ' ಎಂದಿತ್ತು. ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

"ತಪ್ಪು ನಂದು ಅಂದೆ. ಅಷ್ಟು ವರ್ಷದ ಕಸುಬಲ್ಲಿ ಗಿರಾಕಿ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು. ಪರದೆ ಹಿಂದೆ ಕೂತೋಳಿಗೆ ಒಂದು ಹಟ ಇರುತ್ತೆ, ತಪ್ಪು ಒಪ್ಕೊಂಡ್ರೆ 'ನೋಡಿದ್ಯಾ, ಹೆಂಗಸಿನ ಕೈ' ಅಂತಾರೆ ಅಂತ. ಹೇಳಿದ್ಮೇಲೆ ಏನೂ ಆಗ್ಲಿಲ್ಲ. ಅವರು, 'ಹಾಗಾದ್ರೆ ನಂದಲ್ವಾ?' ಅಂದ್ರು. ಮಕ್ಕಳು ಕೇಳಿದ ಹಾಗೆ. ಅಷ್ಟು ದಿನ ತಮ್ಮ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ರು ಪಾಪ."

ಅವರ ರಜೆಯ ದಿನ ನಸುಕಿನಲ್ಲಿ ಇಬ್ಬರೂ ಇದೇ ತಾರಸಿ ಹತ್ತಿದರು. ಹೊಳೆಯುವ ನಕ್ಷತ್ರವೊಂದನ್ನು ಪರದೆಯಲ್ಲಿ ಹಿಗ್ಗಿಸಿ, ಅದು ಸೂಜಿಮೊನೆಯಷ್ಟಾಗುವ ತನಕ ಉಂಗುರವನ್ನು ಅಕ್ಕ ಅವರ ಕೈಯಿಂದಲೇ ತಿರುಗಿಸಿ, ಅಲ್ಲೇ ಟೇಪು ಸುತ್ತಿದರು. ಆಮೇಲೆ ಕ್ಯಾಮೆರಾ ಮೂರು ನಕ್ಷತ್ರಗಳ ಕಡೆ ತಿರುಗಿತು. ಗುಂಡಿ ಒತ್ತಿದ್ದು ಅವರೇ. ಎಂಟು ಸೆಕೆಂಡು. ಪರದೆಯಲ್ಲಿ ಚುಕ್ಕಿಗಳು ಚುಕ್ಕಿಗಳಾಗಿಯೇ ಬಂದವು. ಅವುಗಳ ಕೆಳಗೆ, ಬೇರೆಯಾಗಿ, ಒಂದು ಚಿಟಿಕೆ ಗುಲಾಬಿ.

ಬಟ್ಟೆ ಒಗೆಯುವವರನ್ನು ನಾನು ಅವರ ಕೆಲಸದ ಜಾಗದಲ್ಲೇ ಕಂಡೆ. ಎದೆಯೆತ್ತರದ ಯಂತ್ರಗಳು ಗುಡುಗುತ್ತಿರುವ ಕೋಣೆ. ದಿನಕ್ಕೆ ಆರುನೂರು ಹೊದಿಕೆ, ನಾನೂರು ದಿಂಬಿನ ಚೀಲ. ಮಡಚುವ ಮೇಜಿನ ಮೇಲಿನ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಆ ಚಿತ್ರವಿದೆ. ನೂರಮೂವತ್ತು ಚಿತ್ರ ಪೇರಿಸಿದ್ದು. "ನರ್ಸಮ್ಮಂದಿರು ಬಂದು ಇದೇನು ಕಲೆ ಅಂತ ಕೇಳ್ತಾರೆ," ಎಂದು ಯಂತ್ರದ ಸದ್ದಿಗಿಂತ ಜೋರಾಗಿ ಹೇಳಿದರು. "ಇದೊಂದು ಮಾತ್ರ ತೆಗೆಯಕ್ಕಾಗಲ್ಲ ಅಂತೀನಿ."

ಆ ದೂರದರ್ಶಕದ ಕಥೆಯೂ ಸುಖಾಂತವೇ. ಕೊಳವೆಯಲ್ಲಿ ದೋಷವಿರಲಿಲ್ಲ, ದೋಷ ಕಾಲಿನದು. ಯಜಮಾನರು ಅದಕ್ಕೆ ಗಟ್ಟಿ ಮರದ ಕಾಲು ಮಾಡಿಕೊಟ್ಟಿದ್ದಾರೆ. ಈಗ ಅದರಲ್ಲಿ ಚಂದ್ರನ ಕುಳಿಗಳು ನಿಚ್ಚಳವಾಗಿ ಕಾಣುತ್ತವೆ. ಬಟ್ಟೆ ಒಗೆಯುವವರ ಮನೆಯ ಸಾಲಿನವರೆಲ್ಲ ಹುಣ್ಣಿಮೆಯ ಹಿಂದೆಮುಂದೆ ಸರದಿ ನಿಲ್ಲುತ್ತಾರಂತೆ. ಹುಣ್ಣಿಮೆಯ ದಿನ ಮಾತ್ರ ಬೇಡ, ನೆರಳಿಲ್ಲದೆ ಚಂದ್ರ ತಟ್ಟೆಯಂತೆ ಕಾಣುತ್ತಾನೆ ಎಂದು ಅವರೇ ನನಗೆ ಪಾಠ ಹೇಳಿದರು.

ಮೊದಲ ಚಿತ್ರ ಮೂಡಿದ ಆ ನಸುಕಿನಲ್ಲಿ ತಾರಸಿಯ ಮೇಲೆ ಅವರು ಕುಣಿದಾಡಿದರೇ, ಅತ್ತರೇ ಎಂದು ಅಕ್ಕನನ್ನು ಕೇಳಿದೆ. ಇಲ್ಲವಂತೆ. ಪರದೆಯ ಆ ಕಲೆಗೆ ಬೆರಳು ತೋರಿಸಿ, "ಇದು ಗುಲಾಬಿ ಯಾಕೆ?" ಎಂದು ಕೇಳಿದರಂತೆ.

"ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂದೆ. ಇಬ್ರೂ ಹೋಗಿ ಲೈಬ್ರರಿಲಿ ಹುಡುಕಿದ್ವಿ. ಬಿಸಿ ನಕ್ಷತ್ರದ ಬೆಳಕು ಬಿದ್ದು ಅಲ್ಲಿರೋ ಜಲಜನಕ ಅನಿಲ ಗುಲಾಬಿಯಾಗಿ ಹೊಳೆಯುತ್ತಂತೆ. ಆಕಾಶ ನಮಗಲ್ಲ ಅಂದಿದ್ದ ಮನುಷ್ಯ 'ಯಾಕೆ' ಅಂತ ಕೇಳಿದ್ರಲ್ಲ, ನನಗೆ ಅಷ್ಟು ಸಾಕಾಗಿತ್ತು."

ಅದಾದ ಮೇಲೆ ಮಾಡಿಕೊಂಡದ್ದೇ ಈ ನಸುಕಿನ ಪರೀಕ್ಷೆ. ಯಾವ ಲೆನ್ಸೂ ಮೂರು ಮುಂಜಾವು ಆಕಾಶ ನೋಡದೆ ಗಿರಾಕಿಯ ಕೈ ಸೇರುವುದಿಲ್ಲ. ಮೊದಲು ಹಿಂದಿನಿಂದ ಟಾರ್ಚು ಬಿಟ್ಟು ಬೂಷ್ಟು ನೋಡುತ್ತಾರೆ. ಗಾಜಿನ ಒಳಗೆ ಜೇಡರ ಬಲೆಯಂತೆ ಎಳೆಗಳಿದ್ದರೆ ಅದು ಬೂಷ್ಟು. ಒಂದೆರಡು ಗೀರಿದ್ದರೆ ಚಿಂತೆಯಿಲ್ಲ, ಬೆಲೆ ಇಳಿಸಲು ಅದೇ ನೆಪ. ಅಲುಗುವ ಉಂಗುರ ಬೇಡ. ಜೂಮ್ ಬೇಡ. ಹೊಸದು ಬೇಕೇಬೇಕೆಂದು ಹಟ ಹಿಡಿಯುವವರಿಗೆ ಹೊಸ ಬ್ಯಾಟರಿ ಕೊಳ್ಳಲು ಹೇಳುತ್ತಾರೆ, ಚಳಿಯಲ್ಲಿ ಹಳೆಯದು ಅರ್ಧದಲ್ಲೇ ಕೈಕೊಡುತ್ತದೆ. ಲೆನ್ಸಿನ ಮೇಲೆ ಇಬ್ಬನಿ ಕೂರದಿರಲು ಒಂದು ಬಿಸಿ ಪಟ್ಟಿ ಸಿಗುತ್ತದೆ, ಅದಕ್ಕೂ ದುಡ್ಡು ಬೇಡವಂತೆ. ಕಾಲುಚೀಲಕ್ಕೆ ಹಿಡಿ ಅಕ್ಕಿ ತುಂಬಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಲೆನ್ಸಿನ ಸುತ್ತ ಕಟ್ಟಿದರೆ ಮುಕ್ಕಾಲು ಗಂಟೆ ತಡೆಯುತ್ತದೆ.

ಪೇಟೆಯ ದೊಡ್ಡ ಅಂಗಡಿಯೊಂದು ಇವರನ್ನು ಸಲಹೆಗಾರ್ತಿಯಾಗಿ ಕರೆದಿತ್ತು. ತಂಪು ಕೋಣೆ, ತಿಂಗಳ ಸಂಬಳ, ಫ್ಯಾನೂ ಇತ್ತು. ಒಂದು ವಾರ ಹೋದರು. ಆ ವಾರದಲ್ಲಿ ಹದಿನೇಳು ಮಂದಿಗೆ ನಿಮಗಿದು ಬೇಡ ಎಂದು ಹೇಳಿ ಕಳಿಸಿದರು. "ಎಂಟನೇ ದಿನ ಅವರೇ ನನಗೆ, 'ನಮಗೆ ನೀವು ಬೇಡ' ಅಂದ್ರು. ನ್ಯಾಯವಾಗೇ ಇತ್ತು," ಎನ್ನುತ್ತಾರೆ. ಮುಖದಲ್ಲಿ ಬೇಸರದ ಸುಳಿವಿಲ್ಲ.

ಪೂರ್ವದಲ್ಲಿ ಬೂದುಬಣ್ಣ ಏರುತ್ತಿದೆ. ಬುಟ್ಟಿಯ ಮೂರು ಲೆನ್ಸುಗಳ ಪರೀಕ್ಷೆ ಮುಗಿದಿದೆ. ಎರಡು ಪಾಸು, ಒಂದಕ್ಕೆ ನಾಳೆ ಮತ್ತೊಮ್ಮೆ. ಇನ್ನೇನು ಇಳಿಯುವುದು ಎಂದುಕೊಂಡರೆ ಅಕ್ಕ ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಹಾಕಿ ಸ್ಟೂಲನ್ನು ಪಡುವಣಕ್ಕೆ ತಿರುಗಿಸಿಕೊಂಡು ಕೂರುತ್ತಾರೆ. ಎಡಗಣ್ಣಿನ ಮೇಲೆ ಅಂಗೈ ಮುಚ್ಚಿ ಬಲಗಣ್ಣಿನಿಂದ ಒಂದು ನಕ್ಷತ್ರ ನೋಡುತ್ತಾರೆ. ಸೊಂಟದಲ್ಲಿ ಸಿಕ್ಕಿಸಿದ ಪುಟ್ಟ ಪುಸ್ತಕ ತೆಗೆದು ಏನೋ ಬರೆಯುತ್ತಾರೆ.

ಏನೆಂದು ಕೇಳುತ್ತೇನೆ. ಹೋದ ವರ್ಷ ಎಡಗಣ್ಣಿನ ಪೊರೆ ತೆಗೆಸಿದ್ದಾರಂತೆ. ಕಟ್ಟು ಬಿಚ್ಚಿದ ವಾರ ತಾರಸಿಗೆ ಬಂದರೆ, ಎಷ್ಟೋ ವರ್ಷದಿಂದ ಬೆಳ್ಳಗಿದ್ದ ನಕ್ಷತ್ರಗಳು ನೀಲಿಯಾಗಿದ್ದವು. ಬಲಗಣ್ಣಿನಲ್ಲಿ ನೋಡಿದರೆ ಮತ್ತೆ ಹಳೆಯ ಕಾಗದದ ಬಣ್ಣ. ಒಂದೇ ನಕ್ಷತ್ರ, ಕಣ್ಣಿಗೊಂದು ಬಣ್ಣ. ಬಲಗಣ್ಣಿನ ಆಪರೇಷನ್ನಿಗೆ ಡಾಕ್ಟರು ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ.

"ಒಳ್ಳೇದೇ ಆಯ್ತಲ್ಲ, ಎರಡೂ ಕಣ್ಣಿಗೆ ನೀಲಿ ಕಾಣುತ್ತೆ," ಎಂದೆ.

"ಕಾಣುತ್ತೆ. ಆದ್ರೆ ಹಳೇ ಕಣ್ಣು ಆಮೇಲೆ ಯಾವ ಗುಜರೀಲೂ ಸಿಗಲ್ಲ ನೋಡಿ," ಎನ್ನುತ್ತಾರೆ ಅಕ್ಕ. "ಅದಕ್ಕೆ ಇಪ್ಪತ್ತು ನಕ್ಷತ್ರ ಆರಿಸ್ಕೊಂಡಿದ್ದೀನಿ. ಈ ಕಣ್ಣಿಗೆ ಯಾವುದು ಯಾವ ಬಣ್ಣ ಅಂತ ಬರ್ದಿಟ್ಕೊಳ್ತಿದ್ದೀನಿ. ಯಾರಿಗೂ ಉಪಯೋಗ ಇಲ್ಲ. ನನಗೆ ಗೊತ್ತಿರ್ಲಿ ಅಂತ."

ಎಷ್ಟಾಯಿತು ಎಂದು ಕೇಳಿದೆ. ಪುಸ್ತಕದ ಸಾಲುಗಳನ್ನು ಬೆರಳಿನಿಂದ ಎಣಿಸುತ್ತಾರೆ. ಕೆಳಗಿನ ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ. ಮೆಟ್ಟಿಲಲ್ಲಿ ಯಜಮಾನರು ಟೀ ತರುತ್ತಿರುವ ಹೆಜ್ಜೆ ಸದ್ದು.

"ಹದಿನಾಲ್ಕು ಆಯ್ತು," ಎನ್ನುತ್ತಾರೆ. "ಇನ್ನು ಆರಿವೆ. ಒಂದು ವಾರ ಮೋಡ ಬರದಿದ್ರೆ ಸಾಕು. ಇನ್ನೇನೂ ಬೇಡ."